ಉಲ್ಲನ್ ಎಂದರೆಲ್ಲ ಉಣ್ಣೆಯಲ್ಲ

ಏಳನೆಯ ತರಗತಿಯ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು ಕ್ರೋಶಾ ಹೆಣಿಗೆ ಕಲಿತಳು. ಮೊದಲು ಉದ್ದನೆಯ ಚೈನು, ಆಮೇಲೆ ಸಾಲಿನ ಮೇಲೆ ಸಾಲು. ಕೈ ಕುದುರಿದ ಮೇಲೆ ಅಮ್ಮನಿಗೆಂದು ಅಂಗೈಯಗಲದ ಎರಡು ಚೌಕಗಳನ್ನು ಹೆಣೆದಳು. ಒಲೆಯ ಮೇಲಿನ ಪಾತ್ರೆ ಇಳಿಸಲು ಮಸಿಬಟ್ಟೆಯ ಬದಲಿಗೆ ಅವು ಬಳಕೆಯಾಗಲಿ ಎಂಬುದು ಅವಳ ಆಸೆ. ನೂಲಿಗೆ ಅಂಗಡಿಗೆ ಹೋಗಬೇಕಾಗಲಿಲ್ಲ. ಹಿಂದಿನ ವರ್ಷ ಸ್ವೆಟರಿಗೆಂದು ತಂದು ಉಳಿದಿದ್ದ ಕೆಂಪು, ಹಳದಿ ಉಲ್ಲನ್ ಉಂಡೆಗಳು ಮನೆಯಲ್ಲೇ ಇದ್ದವು. ನೋಡಲು ಚೆಂದ, ಮುಟ್ಟಲು ಮೆತ್ತಗೆ.

ಮೂರನೆಯ ದಿನ ಅಮ್ಮ ಹಪ್ಪಳ ಕರಿದು ಮುಗಿಸಿ, ಕಬ್ಬಿಣದ ಬಾಣಲೆಯನ್ನು ಅದೇ ಚೌಕಗಳಿಂದ ಹಿಡಿದು ಇಳಿಸಲು ಹೋದರು. ಉರಿ ತಾಗಿ ಚೆನ್ನಾಗಿ ಕಾದಿದ್ದ ಹಿಡಿಗೆ ನೂಲು ಕರಗಿ ಅಂಟಿಕೊಂಡಿತು. ಥಟ್ಟನೆ ಬಾಣಲೆಯನ್ನು ಒಲೆಯ ಮೇಲೇ ಬಿಟ್ಟದ್ದರಿಂದ ಎಣ್ಣೆ ಚೆಲ್ಲಲಿಲ್ಲ. ಆದರೆ ಎರಡು ಬೆರಳುಗಳ ತುದಿಯಲ್ಲಿ ಬೊಬ್ಬೆ ಎದ್ದಿತು. ನಲ್ಲಿಯ ತಣ್ಣೀರಿನ ಕೆಳಗೆ ಅಮ್ಮ ಬೆರಳು ಹಿಡಿದು ನಿಂತಿದ್ದಾಗ ಹುಡುಗಿಯ ಮುಖ ಬಾಡಿಹೋಗಿತ್ತು.

"ಅಜ್ಜಿ, ನಾನು ದಪ್ಪವಾಗಿಯೇ ಹೆಣೆದಿದ್ದೆನಲ್ಲಾ?"

"ಹೆಣಿಗೆಯಲ್ಲಿ ತಪ್ಪಿಲ್ಲ ಪುಟ್ಟಿ. ದಾರ ನೋಡಿ ತಗೋಬೇಕಿತ್ತು. ನಾನೂ ಹೇಳಲಿಲ್ಲ" ಎಂದರು ಅಜ್ಜಿ.

ಅಜ್ಜಿ ಮದುವೆಗೆ ಮೊದಲು ಬಿಳಿಯ ದಾರದಲ್ಲಿ ಹೆಣೆದಿದ್ದ ಬಾಗಿಲ ತೋರಣ ಇನ್ನೂ ಆ ಮನೆಯ ಪೆಟ್ಟಿಗೆಯಲ್ಲಿದೆ. ಹಬ್ಬಕ್ಕೊಮ್ಮೆ ಹೊರಬರುತ್ತದೆ, ಗಂಜಿ ಹಾಕಿಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು ನೆಟ್ಟಗೆ ನಿಲ್ಲುತ್ತದೆ. ಅದೂ ಕ್ರೋಶಾ ಹೆಣಿಗೆ, ಇದೂ ಕ್ರೋಶಾ ಹೆಣಿಗೆ. ವ್ಯತ್ಯಾಸ ಇರುವುದು ಎಳೆಯಲ್ಲಿ.

ಒಂದೇ ಹೆಸರು, ಬೇರೆ ವಸ್ತು

ನಮ್ಮ ಊರಿನ ಅಂಗಡಿಗಳಲ್ಲಿ ಹೆಣಿಗೆಯ ದಪ್ಪ ನೂಲಿಗೆಲ್ಲ 'ಉಲ್ಲನ್' ಎಂಬ ಒಂದೇ ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಉಣ್ಣೆಯದು ಎಂಬ ಅರ್ಥವಿದೆ. ಆದರೆ ಕಡಿಮೆ ಬೆಲೆಗೆ ಸಿಗುವ ಈ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಕುರಿಯ ಮೈ ಕಂಡವಲ್ಲ. ಅವು ಅಕ್ರಿಲಿಕ್ ಎಂಬ ಕೃತಕ ಎಳೆಯವು. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದ ಮೂಲದಿಂದ ದೊರೆಯುವ ಅಕ್ರಿಲೋನೈಟ್ರೈಲ್ ಎಂಬ ಸಣ್ಣ ಅಣುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸರಪಳಿಯಂತೆ ಜೋಡಿಸಿ ಈ ಎಳೆಯನ್ನು ತಯಾರಿಸುತ್ತಾರೆ. ಅಮೆರಿಕದ ಡ್ಯೂಪಾಂಟ್ ಕಂಪೆನಿ 1950ರ ಸುಮಾರಿಗೆ 'ಆರ್ಲಾನ್' ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಹಗುರ, ಅಗ್ಗ, ನುಸಿ ತಿನ್ನುವುದಿಲ್ಲ, ಬಣ್ಣ ಬೇಗ ಮಾಸುವುದಿಲ್ಲ. ಇಷ್ಟೆಲ್ಲ ಗುಣಗಳಿದ್ದದ್ದರಿಂದಲೇ ಅದು ಉಣ್ಣೆಯ ಸ್ಥಾನವನ್ನೂ ಹೆಸರನ್ನೂ ಹಿಡಿದುಕೊಂಡಿತು.

ಹತ್ತಿಯ ಎಳೆ ಸೆಲ್ಯುಲೋಸ್. ಕಾಗದದಲ್ಲಿ, ಸೌದೆಯಲ್ಲಿ ಇರುವ ವಸ್ತುವೇ ಅದು. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ನಮ್ಮ ಕೂದಲು, ಉಗುರು, ದನದ ಕೊಂಬುಗಳಲ್ಲೂ ಇರುವುದು ಅದೇ ಬಗೆಯ ಪ್ರೋಟೀನು. ರೇಷ್ಮೆಯೂ ಪ್ರೋಟೀನೇ, ಆದರೆ ಬೇರೆ ಜಾತಿಯದು. ಸೀರೆಯ ಕುಚ್ಚು ಕಟ್ಟಲು 'ಸಿಲ್ಕ್ ದಾರ' ಎಂದು ಮಾರುವ ಹೊಳೆಯುವ ದಾರ ಎಷ್ಟೋ ಬಾರಿ ರೇಷ್ಮೆಯಾಗಿರುವುದಿಲ್ಲ. ರೇಯಾನ್ ಅಥವಾ ಪಾಲಿಯೆಸ್ಟರ್ ಆಗಿರುತ್ತದೆ. ರೇಯಾನ್ ಎಂದರೆ ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಮತ್ತೆ ಎಳೆಯಾಗಿ ಎಳೆದ ಸೆಲ್ಯುಲೋಸ್. ಅದರ ವಿಚಿತ್ರವೆಂದರೆ ನೆನೆದಾಗ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹತ್ತಿಯದು ಇದಕ್ಕೆ ತದ್ವಿರುದ್ಧ: ನೆನೆದ ಹತ್ತಿ ದಾರ ಒಣ ದಾರಕ್ಕಿಂತ ಗಟ್ಟಿ.

ಬೆಂಕಿಯ ಪರೀಕ್ಷೆ

ಲೇಬಲ್ ಕಳೆದುಹೋದ ಉಂಡೆ ಯಾವ ಎಳೆಯದು ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಇದನ್ನು ಮಕ್ಕಳು ಒಬ್ಬರೇ ಮಾಡಬಾರದು; ದೊಡ್ಡವರು ಜೊತೆಗಿರಬೇಕು. ಗಾಳಿಯಾಡುವ ಹಿತ್ತಿಲಲ್ಲಿ ಒಂದು ಸ್ಟೀಲ್ ತಟ್ಟೆ, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಳ್ಳಿ. ಬೆರಳುದ್ದದ ನೂಲನ್ನು ಇಕ್ಕಳದಲ್ಲಿ ಹಿಡಿದು ಅದರ ತುದಿಯನ್ನು ಮೇಣದಬತ್ತಿಯ ಉರಿಗೆ ನಿಧಾನವಾಗಿ ಒಡ್ಡಿ. ಹೊಗೆಯನ್ನು ನೇರವಾಗಿ ಮೂಸಬೇಡಿ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಕೈಯಿಂದ ಬೀಸಿಕೊಂಡು, ಬಂದಷ್ಟು ವಾಸನೆ ಗಮನಿಸಿ ಮುಖ ತಿರುಗಿಸಿ.

ಹತ್ತಿ ನೂಲು ಕೂಡಲೇ ಹೊತ್ತಿಕೊಂಡು ಸುಟ್ಟ ಕಾಗದದ ವಾಸನೆ ಕೊಡುತ್ತದೆ. ಉರಿ ಆರಿದ ಮೇಲೂ ತುದಿಯಲ್ಲಿ ಕೆಂಡ ಮಿನುಗುತ್ತದೆ. ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಉಣ್ಣೆ ಸುರುಟಿಕೊಳ್ಳುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿಯಿಂದ ಹೊರಗೆ ತೆಗೆದರೆ ಸಾಮಾನ್ಯವಾಗಿ ತಾನಾಗಿ ಆರುತ್ತದೆ. ಉಳಿಯುವ ಕಪ್ಪು ಮಣಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಉಣ್ಣೆ ತಾನಾಗಿ ಉರಿಯುತ್ತಿರಲು ಗಾಳಿಯಲ್ಲಿ ಸುಮಾರು 25 ಶೇಕಡ ಆಮ್ಲಜನಕ ಬೇಕು. ನಮ್ಮ ಗಾಳಿಯಲ್ಲಿರುವುದು 21 ಶೇಕಡ. ಹಾಗಾಗಿ ಅದರ ಬೆಂಕಿ ಮುಂದುವರಿಯುವುದಿಲ್ಲ.

ಅಕ್ರಿಲಿಕ್ ಉರಿ ಸಮೀಪಿಸುತ್ತಿದ್ದಂತೆಯೇ ಕುಗ್ಗಿ, ಕರಗಿ, ಕಪ್ಪು ಹೊಗೆ ಬಿಡುತ್ತ ಉರಿಯುತ್ತದೆ. ಕೊನೆಗೆ ಉಳಿಯುವ ಉಂಡೆ ಗಟ್ಟಿ, ಒತ್ತಿದರೂ ಪುಡಿಯಾಗದು. ಅದರ ಹೊಗೆ ವಿಷಕರ. ಅದಕ್ಕೇ ತುಣುಕು ಚಿಕ್ಕದಾಗಿರಬೇಕು, ಜಾಗ ಬಯಲಾಗಿರಬೇಕು. ಕರಗಿದ ತುದಿಯನ್ನು ತಣ್ಣಗಾಗುವವರೆಗೆ ಮುಟ್ಟಲೇಬಾರದು. ಬಾಣಲೆಯ ಹಿಡಿಗೆ ಅಂಟಿಕೊಂಡದ್ದು, ಬೆರಳು ಸುಟ್ಟದ್ದು ಇಂಥ ಕರಗಿದ ಎಳೆಯೇ. ಎರಡು ಬಗೆಯ ಎಳೆಗಳನ್ನು ಬೆರೆಸಿ ನೂತ ನೂಲಾದರೆ ಲಕ್ಷಣಗಳೂ ಬೆರೆತಿರುತ್ತವೆ. ಗಟ್ಟಿ ಮಣಿ ಸ್ವಲ್ಪವಾದರೂ ಕಂಡರೆ ಆ ನೂಲನ್ನು ಒಲೆಯ ಬಳಿ ತರಬಾರದು.

ಬಿಸಿ ಪಾತ್ರೆ ಹಿಡಿಯುವ ಚೌಕಕ್ಕೆ ಹತ್ತಿ ನೂಲೇ ಸರಿ. ಅದು ಕರಗುವುದಿಲ್ಲ. ಒತ್ತಾಗಿ ಹೆಣೆದು ಎರಡು ಪದರ ಮಾಡಿದರೆ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುತ್ತದೆ. ಆದರೆ ಒದ್ದೆ ಚೌಕದಿಂದ ಪಾತ್ರೆ ಹಿಡಿಯಬಾರದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಎಳೆಗಳ ನಡುವೆ ಗಾಳಿಯಿದ್ದ ಜಾಗದಲ್ಲಿ ನೀರು ಕುಳಿತರೆ ಬಿಸಿ ನೇರವಾಗಿ ಕೈಗೆ ಬರುತ್ತದೆ.

ನೀರು ಕುಡಿಯುವ ಎಳೆ

ಬೆವರಿಗೂ ನೂಲಿಗೂ ಇರುವ ಸಂಬಂಧ ಇನ್ನೊಂದು ಮುಖ್ಯ ವಿಷಯ. ಸಾಧಾರಣ ತೇವವಿರುವ ಗಾಳಿಯಲ್ಲಿ ಇಟ್ಟ 100 ಗ್ರಾಂ ಒಣ ಹತ್ತಿ ಸುಮಾರು 7ರಿಂದ 8 ಗ್ರಾಂ ನೀರಿನ ಆವಿಯನ್ನು ಹೀರಿಕೊಳ್ಳುತ್ತದೆ. ಉಣ್ಣೆ ಸುಮಾರು 16 ಗ್ರಾಂ ಹೀರಿಯೂ ಮುಟ್ಟಿದರೆ ಒಣಗಿದಂತೆಯೇ ತೋರುತ್ತದೆ. ಅಕ್ರಿಲಿಕ್ ಹೀರುವುದು 1ರಿಂದ 2 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮಿಗಿಂತಲೂ ಕಡಿಮೆ. ಮಡಿಕೇರಿಯ ಚಳಿಗೆ ಅಕ್ರಿಲಿಕ್ ಟೋಪಿ ಸಾಕಾದೀತು. ರಾಯಚೂರಿನ ಬೇಸಿಗೆಯಲ್ಲಿ ಅದೇ ನೂಲಿನ ಮೇಲಂಗಿ ತೊಟ್ಟ ಮಗುವಿನ ಬೆನ್ನಿನಲ್ಲಿ ಬೆವರು ನಿಂತು ಬೆವರುಸಾಲೆ ಏಳಬಹುದು. ಅಲ್ಲಿಗೆ ತೆಳು ಹತ್ತಿ ನೂಲು, ಬಿಡಿಬಿಡಿ ಹೆಣಿಗೆ ಸೂಕ್ತ.

ಪಾತ್ರೆ ಒರೆಸುವ, ಮುಖ ಒರೆಸುವ ಚೌಕಕ್ಕೂ ಹತ್ತಿಯೇ ಬೇಕು. ಅಕ್ರಿಲಿಕ್ ನೀರನ್ನು ಕುಡಿಯದೆ ಅತ್ತಿತ್ತ ಸರಿಸುತ್ತದೆ.

ಹಾಗೆಂದು ಹತ್ತಿ ಎಲ್ಲಕ್ಕೂ ಸಲ್ಲುವುದಿಲ್ಲ. ಹತ್ತಿ ಭಾರ, ಎಳೆದರೆ ಹಿಂದಕ್ಕೆ ಬರುವ ಗುಣ ಕಡಿಮೆ. ಉಣ್ಣೆಯ ಎಳೆ ಹುಟ್ಟಿನಿಂದಲೇ ಗುಂಗುರು. ಅದರ ಪ್ರೋಟೀನಿನ ಅಣುಗಳೂ ಸ್ಪ್ರಿಂಗಿನಂತೆ ಸುರುಳಿ ಸುತ್ತಿರುತ್ತವೆ. ಎಳೆದು ಬಿಟ್ಟರೆ ಮತ್ತೆ ಕುಗ್ಗುತ್ತದೆ. ಕಾಲುಚೀಲ, ಟೋಪಿ, ಮೈಗೆ ಅಂಟಿ ಕೂರಬೇಕಾದ ಅಂಗಿಗೆ ಈ ಗುಣ ಬೇಕೇ ಬೇಕು. ಹತ್ತಿ ನೂಲಿನಲ್ಲಿ ತರಕಾರಿ ಚೀಲ ಹೆಣೆದು ಎರಡು ಕಿಲೋ ಆಲೂಗಡ್ಡೆ ತುಂಬಿದರೆ ಚೀಲ ಮೊಣಕಾಲಿನವರೆಗೆ ಇಳಿಯುತ್ತದೆ. ಅದರ ಹಿಡಿಯನ್ನಾದರೂ ಒತ್ತಾಗಿ ಹೆಣೆಯಬೇಕು. ಚೀಲವನ್ನು ಬೇಕಾದ್ದಕ್ಕಿಂತ ಸ್ವಲ್ಪ ಗಿಡ್ಡವಾಗಿಯೇ ಮುಗಿಸಬೇಕು.

ಉಣ್ಣೆಗೂ ಒಂದು ಶತ್ರು ಇದೆ: ಬಿಸಿನೀರು, ಸಾಬೂನು, ಉಜ್ಜಾಟ ಮೂರೂ ಸೇರಿದ ಒಗೆತ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಬಿಸಿಯಲ್ಲಿ ಉಜ್ಜಿದಾಗ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕಂಬಳಿಯಂತೆ ದಪ್ಪವಾಗಿ ಕುಗ್ಗುತ್ತದೆ. ಹಾಗೆ ಕುಗ್ಗಿದ್ದು ಮತ್ತೆ ಹಿಗ್ಗದು. ದೊಡ್ಡವರ ಸ್ವೆಟರು ಚಿಕ್ಕವರಿಗೂ ಬಿಗಿಯಾಗುವುದು ಹೀಗೆ. ಅಕ್ರಿಲಿಕ್ ಇಂಥ ಒಗೆತವನ್ನು ತಡೆದುಕೊಳ್ಳುತ್ತದೆ. ಆದರೆ ಕಾದ ಇಸ್ತ್ರಿ ಅದರ ಮೇಲೆ ಕುಳಿತರೆ ಎಳೆಯ ಪುಟಿತವೆಲ್ಲ ಹೋಗಿ ಹೆಣಿಗೆ ಜೋತುಬೀಳುತ್ತದೆ.

ಒಗೆದ ನೀರಿನ ವಿಷಯವನ್ನೂ ಮರೆಯಬಾರದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದು. ಆಗಾಗ ಒಗೆಯಬೇಕಾದ ವಸ್ತುವಿಗೆ ನೂಲು ಆರಿಸುವಾಗ ಇದೂ ಒಂದು ಲೆಕ್ಕ.

ಹೊಳಪಿನ ಹಿಂದೆ ಕಾಸ್ಟಿಕ್ ಸೋಡ

ಅಜ್ಜಿಯ ತೋರಣದ ಬಿಳಿಯ ದಾರಕ್ಕೆ ಹತ್ತಿಯದಾದರೂ ರೇಷ್ಮೆಯಂಥ ಮಿನುಗು ಇದೆ. ಅದರ ಕಥೆ ಪ್ರೌಢಶಾಲೆಯ ರಸಾಯನ ಪಾಠಕ್ಕೆ ಸೇರಿದ್ದು. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಬಟ್ಟೆಯ ಮೂಲಕ ಕಾಸ್ಟಿಕ್ ಸೋಡದ ಪ್ರಬಲ ದ್ರಾವಣವನ್ನು ಸೋಸುತ್ತಿದ್ದಾಗ ಬಟ್ಟೆ ಉಬ್ಬಿ ಕುಗ್ಗಿದ್ದನ್ನು ಗಮನಿಸಿದ. 1850ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಾಗೆ ಸಂಸ್ಕರಿಸಿದ ಹತ್ತಿ ಗಟ್ಟಿಯಾಗುತ್ತಿತ್ತು, ಬಣ್ಣವನ್ನು ಚೆನ್ನಾಗಿ ಹೀರುತ್ತಿತ್ತು. ಆದರೆ ಕುಗ್ಗುತ್ತಿದ್ದುದರಿಂದ ಕಾರ್ಖಾನೆಗಳು ಆಸಕ್ತಿ ತೋರಲಿಲ್ಲ. ಸುಮಾರು ನಾಲ್ಕು ದಶಕಗಳ ನಂತರ, 1890ರಲ್ಲಿ, ಹೊರೇಸ್ ಲೋ ಎಂಬಾತ ಹತ್ತಿಯನ್ನು ಬಿಗಿಯಾಗಿ ಎಳೆದು ಹಿಡಿದೇ ಸೋಡದಲ್ಲಿ ಅದ್ದಿದ. ಕುಗ್ಗುವುದು ನಿಂತಿತು, ಜೊತೆಗೆ ಹೊಳಪೂ ಬಂತು.

ಕಾರಣ ಸರಳ. ಸಾಮಾನ್ಯ ಹತ್ತಿಯ ಎಳೆ ಸೂಕ್ಷ್ಮದರ್ಶಕದಲ್ಲಿ ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ. ಅದರ ಮೇಲೆ ಬಿದ್ದ ಬೆಳಕು ಚೆದರುತ್ತದೆ. ಸೋಡದಲ್ಲಿ ಉಬ್ಬಿದ ಎಳೆ ದುಂಡಗೆ, ನುಣ್ಣಗೆ ಆಗಿ ಬೆಳಕನ್ನು ಕ್ರಮವಾಗಿ ಪ್ರತಿಫಲಿಸುತ್ತದೆ. ಉಂಡೆಯ ಲೇಬಲಿನಲ್ಲಿ 'ಮರ್ಸರೈಸ್ಡ್' ಎಂದಿದ್ದರೆ ಅರ್ಥ ಇದೇ. ತೋರಣ, ಮೇಜಿನ ಹೊದಿಕೆ, ರವಿಕೆಯ ಲೇಸುಗಳಿಗೆ ಈ ದಾರ ಹೇಳಿಮಾಡಿಸಿದ್ದು. ನೆರೆಯ ಆಂಧ್ರಪ್ರದೇಶದ ನರಸಾಪುರದ ಸುತ್ತಮುತ್ತ ಸಾವಿರಾರು ಹೆಂಗಸರು ತಲೆಮಾರುಗಳಿಂದ ಕ್ರೋಶಾ ಕಡ್ಡಿಯಲ್ಲಿ ಹೆಣೆಯುತ್ತ ಬಂದಿರುವ ಲೇಸಿಗೂ ಹತ್ತಿ ದಾರವೇ ಆಧಾರ. ಮೈ ಒರೆಸುವ, ಪಾತ್ರೆ ಒರೆಸುವ ಬಟ್ಟೆಗೆ ಮಾತ್ರ ಹೊಳಪಿಲ್ಲದ, ಮೆತ್ತನೆಯ ಸಾದಾ ಹತ್ತಿ ನೂಲು ಒಳ್ಳೆಯದು.

ಸಂಖ್ಯೆಗಳ ಗೊಂದಲ

ಅಂಗಡಿಯಲ್ಲಿ ತಬ್ಬಿಬ್ಬು ಮಾಡುವುದು ದಾರದ ನಂಬರು. ಕ್ರೋಶಾ ದಾರದಲ್ಲಿ 10ಕ್ಕಿಂತ 20, 20ಕ್ಕಿಂತ 40 ತೆಳು. ದೊಡ್ಡ ಸಂಖ್ಯೆಗೆ ತೆಳು ದಾರ ಏಕೆ? ಇದರ ಬೇರು ನೂಲಿನ ಗಿರಣಿಯ ಹಳೆಯ ಲೆಕ್ಕದಲ್ಲಿದೆ. ಒಂದು ಪೌಂಡು ಹತ್ತಿಯಿಂದ 840 ಗಜದ ಎಷ್ಟು ಲಡಿ ನೂಲು ಬರುತ್ತದೆಯೋ ಅದೇ ಆ ನೂಲಿನ ನಂಬರು. 840 ಗಜವೆಂದರೆ ಸುಮಾರು 768 ಮೀಟರು. 20 ನಂಬರಿನ ನೂಲಾದರೆ 454 ಗ್ರಾಂ ಹತ್ತಿಯಲ್ಲಿ 15 ಕಿಲೋಮೀಟರಿಗೂ ಹೆಚ್ಚು ಉದ್ದ! ಅಷ್ಟೇ ತೂಕದಲ್ಲಿ ಹೆಚ್ಚು ಉದ್ದ ಬರಬೇಕಾದರೆ ನೂಲು ತೆಳುವಾಗಿರಲೇಬೇಕು. ಕ್ರೋಶಾ ದಾರದ ನಂಬರು ಗಿರಣಿಯ ನಂಬರೇ ಅಲ್ಲ. ಅದರಲ್ಲಿ ಹಲವು ಎಳೆ ಹುರಿಗೊಂಡಿರುತ್ತವೆ. ಆದರೆ ಎರಡೂ ಸಾಗುವ ದಿಕ್ಕು ಒಂದೇ.

ಸ್ವೆಟರ್ ನೂಲಿನಲ್ಲಿ ಹೇಳುವ 'ಪ್ಲೈ' ಮಾತ್ರ ಇದಕ್ಕೆ ವಿರುದ್ಧ. 4 ಪ್ಲೈಗಿಂತ 8 ಪ್ಲೈ ದಪ್ಪ. ಈ ಎರಡು ಲೆಕ್ಕಗಳನ್ನು ಬೆರೆಸಿಕೊಂಡು ಅಂಗಡಿಯವರ ಜೊತೆ ವಾದ ಮಾಡುವ ಬದಲು ಉಂಡೆಯ ಲೇಬಲಿನಲ್ಲಿ ಎರಡು ಅಂಶ ನೋಡಿದರೆ ಸಾಕು: ತೂಕ ಎಷ್ಟು, ಉದ್ದ ಎಷ್ಟು. 50 ಗ್ರಾಮಿನ ಒಂದು ಹತ್ತಿ ಉಂಡೆಯಲ್ಲಿ 85 ಮೀಟರು, ಇನ್ನೊಂದರಲ್ಲಿ 250 ಮೀಟರು ಇದ್ದರೆ ಎರಡನೆಯದು ತೆಳು ಎಂದು ಯಾರೂ ಹೇಳಬಹುದು. ಕ್ರೋಶಾ ಕಡ್ಡಿಯ ಮೇಲೆ ಅದರ ದಪ್ಪ ಮಿಲಿಮೀಟರಿನಲ್ಲಿ ಇರುತ್ತದೆ. ತೆಳು ಲೇಸು ದಾರಕ್ಕೆ 1ರಿಂದ 1.75 ಮಿಲಿಮೀಟರಿನ ಉಕ್ಕಿನ ಕಡ್ಡಿ. ಸ್ವೆಟರ್ ನೂಲಿಗೆ 3.5ರಿಂದ 5 ಮಿಲಿಮೀಟರಿನದು.

ನೂಲಿನ ಹುರಿಯನ್ನೂ ಕಣ್ಣಿಟ್ಟು ನೋಡಬೇಕು. ಹುರಿ ಸಡಿಲವಾಗಿದ್ದರೆ ಕಡ್ಡಿಯ ಕೊಕ್ಕೆ ಎಳೆಗಳ ನಡುವೆ ಹೊಕ್ಕು ನೂಲು ಸೀಳುತ್ತದೆ. ಹೊಸದಾಗಿ ಕಲಿಯುವವರಿಗೆ ತಿಳಿ ಬಣ್ಣದ, ನುಣುಪಾದ, ಬಿಗಿ ಹುರಿಯ, ಮಧ್ಯಮ ದಪ್ಪದ ನೂಲೇ ಒಳ್ಳೆಯದು. ಕಪ್ಪು ನೂಲಿನಲ್ಲಿ ಕುಣಿಕೆ ಕಾಣದು. ಜುಂಗುಜುಂಗಾದ ನೂಲಿನಲ್ಲಿ ತಪ್ಪಿದ ಸಾಲನ್ನು ಬಿಚ್ಚಲಾಗದು. ಎಳೆಗೂಸಿನ ಟೋಪಿ, ಬೂಟಿಗೂ ಜುಂಗು ಬೇಡ. ಉದುರಿದ ನವಿರು ಮಗುವಿನ ಬಾಯಿಗೆ, ಮೂಗಿಗೆ ಹೋಗುತ್ತದೆ. ಮಗುವಿನ ಬೆರಳು ಸಿಕ್ಕಿಕೊಳ್ಳುವಂಥ ದೊಡ್ಡ ತೂತುಗಳೂ ಇರಬಾರದು. ಗಾಢ ಬಣ್ಣದ ನೂಲಾದರೆ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಮೊದಲು ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ, ಎಲ್ಲವನ್ನೂ ಚೀಪುವ ಮಗುವಿಗೆ ಆ ನೂಲು ತರವಲ್ಲ.

ಅಂಗೈಯಗಲದ ಲೆಕ್ಕ

ಎಷ್ಟು ನೂಲು ಕೊಳ್ಳಬೇಕು? ಇದಕ್ಕೂ ಒಂದು ಪ್ರಯೋಗವಿದೆ. ಆರಿಸಿದ ನೂಲಿನಲ್ಲಿ, ಬಳಸಲಿರುವ ಕಡ್ಡಿಯಲ್ಲಿ, 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಮಾದರಿ ಹೆಣೆಯಿರಿ. ಅದನ್ನು ತೂಗಿ. ಅದು 4 ಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ಮೇಜಿನ ಹೊದಿಕೆ 90 ಸೆಂಟಿಮೀಟರ್ ಚೌಕವಾದರೆ ಅದರ ವಿಸ್ತೀರ್ಣ 8,100 ಚದರ ಸೆಂಟಿಮೀಟರ್, ಎಂದರೆ ಮಾದರಿಯ 81 ಪಟ್ಟು. 81ನ್ನು 4ರಿಂದ ಗುಣಿಸಿದರೆ 324 ಗ್ರಾಂ. 50 ಗ್ರಾಮಿನ ಏಳು ಉಂಡೆ ಬೇಕು. ಅಂಚಿಗೆಂದು ಇನ್ನೊಂದು ಸೇರಿಸಿ ಎಂಟು ತರುವುದು ಜಾಣತನ. ಎಂಟನ್ನೂ ಒಂದೇ ಸಲ ತನ್ನಿ, ಲೇಬಲಿನಲ್ಲಿ ಬಣ್ಣದ ಲಾಟ್ ನಂಬರು ಒಂದೇ ಇದೆಯೇ ನೋಡಿ. ಬೇರೆ ಬೇರೆ ಬಾರಿ ಬಣ್ಣದಲ್ಲಿ ಅದ್ದಿದ ನೂಲು ಅಂಗಡಿಯ ದೀಪದಲ್ಲಿ ಒಂದೇ ಬಣ್ಣವಾಗಿ ಕಂಡರೂ ಮನೆಯ ಬಿಸಿಲಿನಲ್ಲಿ ಗೆರೆ ಎಳೆದಂತೆ ಬೇರೆಯಾಗುತ್ತದೆ.

ಮಾದರಿಯನ್ನು ಅಷ್ಟಕ್ಕೇ ಬಿಡದೆ ಒಮ್ಮೆ ಒಗೆದು, ಒಣಗಿಸಿ, ಮತ್ತೆ ಅಳೆಯಿರಿ. 10 ಸೆಂಟಿಮೀಟರ್ ಇದ್ದದ್ದು 9.5 ಆದರೆ 90 ಸೆಂಟಿಮೀಟರಿನ ಹೊದಿಕೆ 85.5ಕ್ಕೆ ಇಳಿಯುತ್ತದೆ. ಹೆಣೆದು ಮುಗಿಸಿದ ಮೇಲೆ ಇದು ತಿಳಿದರೆ ಅಳುವುದೊಂದೇ ಉಳಿಯುವುದು. ಅಂಗೈಯಗಲದ ಮಾದರಿಯಲ್ಲಿ ತಿಳಿದರೆ ಇನ್ನಷ್ಟು ಸಾಲು ಸೇರಿಸಿದರಾಯಿತು.

ಗಣಿತಕ್ಕೂ ಬೇಕಾದ ನೂಲು

ನೂಲಿನ ಆಯ್ಕೆ ಅಡಿಗೆಮನೆಯ ಸಂಗತಿ ಮಾತ್ರ ಎಂದುಕೊಳ್ಳುವವರು ಡೈನಾ ಟೈಮಿನಾ ಅವರ ಕೆಲಸವನ್ನು ತಿಳಿಯಬೇಕು. ಲಾಟ್ವಿಯಾ ಮೂಲದ ಈ ಗಣಿತಜ್ಞೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಒಂದು ರೇಖೆಗೆ ಹೊರಗಿನ ಒಂದೇ ಬಿಂದುವಿನ ಮೂಲಕ ಅನೇಕ ಸಮಾಂತರ ರೇಖೆಗಳು ಹಾಯಬಲ್ಲ ವಿಚಿತ್ರ ಜ್ಯಾಮಿತಿಯ ಮೇಲ್ಮೈಯನ್ನು ಕ್ರೋಶಾದಲ್ಲಿ ಹೆಣೆದರು. ಅದಕ್ಕೆ ಮೊದಲು ಅಂಥ ಮಾದರಿಗಳನ್ನು ಕಾಗದದ ಪಟ್ಟಿಗಳಿಂದ ಮಾಡುತ್ತಿದ್ದರು. ಕೈ ತಗುಲಿದರೆ ಹರಿಯುತ್ತಿದ್ದವು. ಹೆಣೆದ ಮಾದರಿಯನ್ನು ಮಡಿಸಬಹುದು, ಮುಟ್ಟಿ ತಿಳಿಯಬಹುದು, ಅದರ ಮೇಲೆ ಬೇರೆ ಬಣ್ಣದ ದಾರದಿಂದ ರೇಖೆ ಹೊಲಿಯಬಹುದು.

ಮಾಡುವ ಬಗೆ ಕಷ್ಟವಲ್ಲ. 20 ಕುಣಿಕೆಯ ಸಾಲಿನಿಂದ ಆರಂಭಿಸಿ. ಪ್ರತಿ ಐದನೆಯ ಕುಣಿಕೆಯಲ್ಲಿ ಒಂದರ ಬದಲು ಎರಡು ಹೆಣೆಯಿರಿ. ಐದು ಇದ್ದದ್ದು ಆರಾಯಿತು. ಎರಡನೆಯ ಸಾಲಿನಲ್ಲಿ 24, ಮೂರನೆಯದರಲ್ಲಿ ಸುಮಾರು 29. ಹೀಗೆ ಹತ್ತು ಬಾರಿ ಹೆಚ್ಚಿಸಿದಾಗ ಸಾಲಿನಲ್ಲಿ ಸುಮಾರು 124 ಕುಣಿಕೆ. ಇಪ್ಪತ್ತು ಬಾರಿಗೆ 760ಕ್ಕೂ ಹೆಚ್ಚು! ಅಷ್ಟೊಂದು ಕುಣಿಕೆಗೆ ಸಮತಲದಲ್ಲಿ ಜಾಗ ಸಾಲದೆ ಅಂಚು ಅಲೆಯಲೆಯಾಗಿ ಕೋಳಿಜುಟ್ಟಿನ ಹೂವಿನಂತೆ ಮಡಚಿಕೊಳ್ಳುತ್ತದೆ. ಚಕ್ರಬಡ್ಡಿಯ ಲೆಕ್ಕ ಕೈಗೆ ಸಿಗುವುದು ಹೀಗೆ.

ಈ ಮಾದರಿಗೆ ಹೆಚ್ಚು ಹಿಗ್ಗದ ನೂಲು ಬೇಕು. ಮೆತ್ತನೆಯ, ಎಳೆದಂತೆ ಬರುವ ನೂಲಾದರೆ ಆಕಾರ ಕೆಟ್ಟು ರೇಖೆಗಳೆಲ್ಲ ಅಂಕುಡೊಂಕಾಗುತ್ತವೆ. ಬಿಗಿ ಹುರಿಯ ಅಕ್ರಿಲಿಕ್ ನೂಲನ್ನು ಸಣ್ಣ ಕಡ್ಡಿಯಲ್ಲಿ ಒತ್ತಾಗಿ ಹೆಣೆದರೆ ಅದು ಗಡುಸಾಗಿ ನಿಲ್ಲುತ್ತದೆ. ಒಲೆಯ ಬಳಿ ಬೇಡವಾದ ನೂಲು ಗಣಿತದ ಮೇಜಿನ ಮೇಲೆ ಹೀಗೆ ಮರ್ಯಾದೆ ಗಳಿಸುತ್ತದೆ.

ಅಮ್ಮನ ಬೆರಳಿನ ಬೊಬ್ಬೆ ವಾರದಲ್ಲಿ ಒಣಗಿತು. ಹುಡುಗಿ ಅಜ್ಜಿಯ ಜೊತೆ ಪೇಟೆಗೆ ಹೋಗಿ ಸಾದಾ ಹತ್ತಿ ನೂಲು ತಂದಳು. ಹಿತ್ತಿಲಲ್ಲಿ ಅದರ ತುದಿ ಸುಟ್ಟು, ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿದ ಮೇಲೆಯೇ ಚೈನು ಹಾಕಲು ಕುಳಿತಳು. ಉಳಿದ ಕೆಂಪು, ಹಳದಿ ಉಂಡೆಗಳನ್ನು ಎಸೆಯಲಿಲ್ಲ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಐದಕ್ಕೆ ಆರರಂತೆ ಹೆಣೆಯುತ್ತಿದ್ದಾಳೆ. ಹದಿಮೂರನೆಯ ಸಾಲಿಗೆ ಬಂದಿದ್ದಾಳೆ, ಉಂಡೆ ಮುಗಿಯುತ್ತ ಬಂದಿದೆ.